ವಿದ್ಯಾರ್ಥಿವೇತನ ಓದುವಾಗಲೇ ಕೈಸೇರಲಿ

ಸಂಪಾದಕರಿಗೆ,

ಮಾನ್ಯರೇ,

ಪದವಿ ಮತ್ತು ಸ್ನಾತಕೋತ್ತರ ತರಗತಿಗಳ ಪ್ರವೇಶ ಆರಂಭವಾಗುತ್ತಿದ್ದಂತೆ ಪತ್ರಿಕೆಗಳ ಒಳಪುಟಗಳಲ್ಲಿ ‘ವಿದ್ಯಾರ್ಥಿವೇತನಕ್ಕೆ ಅರ್ಜಿ ಆಹ್ವಾನ’ ಎಂಬ ಪುಟ್ಟ ಪ್ರಕಟಣೆಗಳು ಒಂದರ ಬೆನ್ನಿಗೆ ಒಂದು ಬರತೊಡಗುತ್ತವೆ. ಕೆಲವು ವಾರಗಳ ನಂತರ ಅದೇ ಜಾಗದಲ್ಲಿ ‘ಅರ್ಜಿ ಸಲ್ಲಿಕೆ ಅವಧಿ ವಿಸ್ತರಣೆ’ ಎಂಬ ಎರಡನೆಯ ಸುತ್ತು, ಆಮೇಲೆ ‘ಅಂತಿಮ ಅವಕಾಶ’ ಎಂಬ ಮೂರನೆಯ ಸುತ್ತು. ಹಣ ಇಂಥ ದಿನಾಂಕದೊಳಗೆ ವಿದ್ಯಾರ್ಥಿಯ ಖಾತೆಗೆ ಸೇರುತ್ತದೆ ಎಂಬ ಪ್ರಕಟಣೆಯನ್ನು ಮಾತ್ರ ನಾನು ಇದುವರೆಗೆ ಓದಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ಕಚೇರಿಯಲ್ಲಿ ಬಹುಕಾಲ ಸ್ಕಾಲರ್‌ಶಿಪ್ ಸೆಕ್ಷನ್ ನೋಡಿಕೊಂಡು ಅಧೀಕ್ಷಕನಾಗಿ ನಿವೃತ್ತನಾದವನು ನಾನು. ವಿದ್ಯಾರ್ಥಿವೇತನದ ಬಗ್ಗೆ ಚರ್ಚೆ ಬಂದಾಗಲೆಲ್ಲ ಮೊತ್ತ ಸಾಲದು, ಯೋಜನೆ ಸಾಲದು ಎಂಬ ಮಾತೇ ಮುಂದೆ ಬರುತ್ತದೆ. ಹಣ ಯಾವ ತಿಂಗಳಲ್ಲಿ ಬರುತ್ತದೆ ಎಂಬುದು ಹಿಂದೆ ಸರಿಯುತ್ತದೆ. ಆ ಹಿಂದೆ ಸರಿದ ವಿಷಯದ ಬಗ್ಗೆಯೇ ಈ ಪತ್ರ.

ಯೋಜನೆಗಳಿಗೆ ನಮ್ಮಲ್ಲಿ ನಿಜಕ್ಕೂ ಬರವಿಲ್ಲ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ವಿದ್ಯಾರ್ಥಿಗಳ ಬಾಯಲ್ಲಿ ‘ಎಸ್‌ಎಸ್‌ಪಿ’, ಬಂದಮೇಲೆ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಅಂಗವಿಕಲರ ಇಲಾಖೆ ಮುಂತಾದವುಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ಶುಲ್ಕ ವಿನಾಯಿತಿಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಅನುಕೂಲ ಬಂದಿದೆ. ಹಿಂದೆ ಪ್ರತಿ ಇಲಾಖೆಗೂ ಬೇರೆ ಬೇರೆ ಬಣ್ಣದ ಮುದ್ರಿತ ಅರ್ಜಿ, ಬೇರೆ ಬೇರೆ ಲಗತ್ತು, ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಅಲೆದಾಟ ಇದ್ದ ಕಾಲವನ್ನು ಕಂಡವನಾಗಿ, ಇದು ಸಣ್ಣ ಸುಧಾರಣೆಯಲ್ಲ ಎಂದು ಒಪ್ಪುತ್ತೇನೆ. ಆದರೆ ಅರ್ಜಿ ಕಾಗದದಿಂದ ಪರದೆಗೆ ಬಂದರೂ ವ್ಯವಸ್ಥೆಯ ಒಳಗಿನ ಲೆಕ್ಕಾಚಾರ ಬದಲಾಗಲಿಲ್ಲ. ಮೊದಲು ನೀನು ಕಟ್ಟು, ಆಮೇಲೆ ನಾವು ಕೊಡುತ್ತೇವೆ ಎಂಬುದೇ ಈಗಲೂ ಹೆಚ್ಚಿನ ಕಡೆ ನಡೆಯುವ ರೂಢಿ. ಕಟ್ಟಲು ಶಕ್ತಿಯಿಲ್ಲ ಎಂದು ಅರ್ಜಿ ಹಾಕುವವನಿಗೆ ಮೊದಲು ಕಟ್ಟಿ ಬಾ ಎಂದು ಹೇಳುವುದು ಎಂಥ ನ್ಯಾಯ?

ಈ ಕಾರ್ಯಕ್ರಮ ಶುರುವಾದದ್ದು ಯಾವ ಉದ್ದೇಶದಿಂದ ಎಂಬುದನ್ನು ಇಲ್ಲಿ ನೆನೆಯಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಜಾರಿಗೆ ಬಂದದ್ದು 1944ರಲ್ಲಿ, ಸ್ವಾತಂತ್ರ್ಯಕ್ಕೂ ಮುಂಚೆ. ಅದರ ಹಿಂದೆ ಡಾ. ಬಿ.ಆರ್. ಅಂಬೇಡ್ಕರ್ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದಾಗ 1942ರಲ್ಲಿ ಸಲ್ಲಿಸಿದ ಮನವಿಪತ್ರವಿತ್ತು. ವಿದ್ಯಾರ್ಥಿವೇತನದ ಬೆಲೆ ಅವರಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು. 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಕ್ಕೆ ಕೊಟ್ಟ ನೆರವಿನಿಂದ ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ನೆರವಿನ ಅವಧಿ ಮುಗಿದದ್ದರಿಂದ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯರಿಂದ ಪಡೆದ ಸಾಲ ಎಲ್ಲವನ್ನೂ ಕೂಡಿಸಿಕೊಂಡು ಅವರು ಮತ್ತೆ ಲಂಡನ್ ತಲುಪಿದ್ದು 1920ರಲ್ಲಿ. ಹಣ ನಿಂತ ದಿನವೇ ಓದೂ ನಿಲ್ಲುತ್ತದೆ ಎಂಬುದು ಅಂಬೇಡ್ಕರ್ ಅವರಂಥವರ ಪಾಲಿಗೂ ನಿಜವಾಗಿದ್ದರೆ, ಮುಂಡರಗಿ ಅಥವಾ ಶಿರಹಟ್ಟಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿಯ ಪಾಲಿಗೆ ಹೇಗಿರಬಹುದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಗದದ ಮೇಲೆ ಈ ಯೋಜನೆಗೆ ಹಣವನ್ನು ಹೆಚ್ಚಿಸಲಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. 2017-18ರಿಂದ 2019-20ರವರೆಗೆ ಕೇಂದ್ರದ ನೆರವು ವರ್ಷಕ್ಕೆ ಸುಮಾರು 1,100 ಕೋಟಿ ರೂಪಾಯಿಗೆ ಇಳಿದು, ಉಳಿದ ಭಾರ ರಾಜ್ಯಗಳ ಮೇಲೆ ಬಿದ್ದಿತ್ತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಮುಂದಿನ ಐದು ವರ್ಷಗಳಿಗೆ 59,048 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟು, ಶೇ 60ರಷ್ಟನ್ನು ಕೇಂದ್ರವೂ ಶೇ 40ರಷ್ಟನ್ನು ರಾಜ್ಯಗಳೂ ಭರಿಸಬೇಕೆಂದು ನಿಗದಿ ಮಾಡಿತು. ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಆಧಾರ್ ಜೋಡಿತ ಖಾತೆಗೆ ಬರುತ್ತದೆ, ಆದರೆ ರಾಜ್ಯ ತನ್ನ ಪಾಲನ್ನು ಬಿಡುಗಡೆ ಮಾಡಿದ ನಂತರ. ಅಂದರೆ ರಾಜ್ಯ ತಡಮಾಡಿದರೆ ಕೇಂದ್ರದ ಹಣವೂ ತಡ. ವಿದ್ಯಾರ್ಥಿ ನಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತು ‘ಸರ್, ಅರ್ಧ ಬಂದದ, ಅರ್ಧ ಬಂದಿಲ್ಲ’ ಎನ್ನುತ್ತಾನೆ. ಯಾವ ಅರ್ಧ ಯಾರದು, ಉಳಿದದ್ದನ್ನು ಯಾರನ್ನು ಕೇಳಬೇಕು ಎಂದು ಅವನಿಗೆ ತಿಳಿಯುವುದಿಲ್ಲ; ನಿಜ ಹೇಳಬೇಕೆಂದರೆ ಕಿಟಕಿಯ ಈಚೆ ಕುಳಿತವನಿಗೂ ಪರದೆಯಲ್ಲಿ ಕಾಣುವುದಕ್ಕಿಂತ ಹೆಚ್ಚೇನೂ ತಿಳಿಯುವುದಿಲ್ಲ.

ಈ ಯೋಜನೆಯ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ ಎಂದು ಗೊತ್ತಾದದ್ದು 2013ರಲ್ಲಿ. 2021ರ ಹೊಸ ಮಾರ್ಗಸೂಚಿಯಲ್ಲೂ ಅದೇ ಮೊತ್ತವನ್ನು ಉಳಿಸಿಕೊಳ್ಳಲಾಯಿತು. ತಿಂಗಳಿಗೆ ಇಪ್ಪತ್ತೊಂದು ಸಾವಿರಕ್ಕೂ ಕಡಿಮೆ ಎಂದಾಯಿತು. ಗಂಡ ಹೆಂಡತಿ ಇಬ್ಬರೂ ದುಡಿಯುವ, ಹೊರಗುತ್ತಿಗೆಯ ಕೆಲಸವೊಂದನ್ನು ನಂಬಿದ ಕುಟುಂಬವೂ ಇಂದು ಈ ಗೆರೆಯನ್ನು ಸುಲಭವಾಗಿ ದಾಟಿಬಿಡುತ್ತದೆ. ದಾಟಿದ ಮಾತ್ರಕ್ಕೆ ಅದು ಎರಡು ಮಕ್ಕಳ ಕಾಲೇಜು ಶುಲ್ಕ ಕಟ್ಟಬಲ್ಲ ಕುಟುಂಬವಾಗುವುದಿಲ್ಲ. ಶೈಕ್ಷಣಿಕ ಭತ್ಯೆಯ ಮಾತೂ ಹೀಗೆಯೇ. ಅದೇ ಮಾರ್ಗಸೂಚಿಯ ಪ್ರಕಾರ ವೃತ್ತಿಪರ ಪದವಿ ಓದುತ್ತಾ ಹಾಸ್ಟೆಲ್‌ನಲ್ಲಿರುವವರಿಗೆ ವರ್ಷಕ್ಕೆ 13,500 ರೂಪಾಯಿ, ಮನೆಯಿಂದ ಬಂದುಹೋಗುವವರಿಗೆ 7,000. ಸಾಮಾನ್ಯ ಬಿ.ಎ., ಬಿ.ಎಸ್ಸಿ., ಬಿ.ಕಾಂ. ವಿದ್ಯಾರ್ಥಿಗಳಿಗೆ ಕ್ರಮವಾಗಿ 6,000 ಮತ್ತು 3,000. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ಬಂದ ವಿದ್ಯಾಸಿರಿ ಯೋಜನೆಯು ಹಾಸ್ಟೆಲ್ ಸಿಗದವರಿಗೆ ಊಟ ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷದ ಹತ್ತು ತಿಂಗಳಿಗೆ ಕೊಡುವ ವ್ಯವಸ್ಥೆಯಾಗಿ ಆರಂಭವಾಯಿತು. ಅದರ ಕಲ್ಪನೆ ಬಹಳ ಒಳ್ಳೆಯದು, ಏಕೆಂದರೆ ಹಾಸ್ಟೆಲ್ ಸೀಟು ಸಿಗದ ಕಾರಣಕ್ಕೇ ಓದು ಬಿಡುವವರು ಇದ್ದಾರೆ. ಆದರೆ ಊಟದ ಹಣ ಊಟದ ತಿಂಗಳಲ್ಲೇ ಬರಬೇಕು. ನಮ್ಮ ಹಿರಿಯರು ಧಾರವಾಡ, ಮೈಸೂರುಗಳಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರದ ಮನೆಯಲ್ಲಿ ಸೋಮವಾರವೇ ಊಟ ಸಿಗುತ್ತಿತ್ತು. ಮುಂದಿನ ವರ್ಷ ಬಾ, ಈ ವರ್ಷದ್ದೆಲ್ಲ ಒಟ್ಟಿಗೆ ಬಡಿಸುತ್ತೇವೆ ಎಂದು ಯಾರೂ ಹೇಳುತ್ತಿರಲಿಲ್ಲ.

ತಡ ಎಲ್ಲಿ ಆಗುತ್ತದೆ ಎಂಬುದನ್ನು ಒಂದು ಅರ್ಜಿಯ ದಾರಿ ಹಿಡಿದು ನೋಡಿದರೆ ತಿಳಿಯುತ್ತದೆ. ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದ ಹುಡುಗಿಯೊಬ್ಬಳು ಎಸ್‌ಎಸ್‌ಪಿಯಲ್ಲಿ ಖಾತೆ ತೆರೆಯಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಇರುತ್ತದೆ. ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರೂ ಅಡ್ಡಹೆಸರೂ ಇರುತ್ತವೆ. ಉತ್ತರ ಕರ್ನಾಟಕದಲ್ಲಿ ಇದು ಮನೆಮನೆಯ ಸಂಗತಿ. ಎರಡೂ ಹೊಂದದಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ತಿದ್ದಿಸಿಕೊಂಡು ಬರಬೇಕು. ಮುಂದೆ ನಾಡಕಚೇರಿ ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಅದರಲ್ಲಿ ಹೆಸರು ಕನ್ನಡದಲ್ಲಿದ್ದು ಕಾಗುಣಿತ ಬೇರೆಯಾಗಿದ್ದರೆ ಮತ್ತೆ ನಾಡಕಚೇರಿ. ಆಮೇಲೆ ಅಂಕಪಟ್ಟಿ, ಶುಲ್ಕದ ರಸೀದಿ, ಹಾಸ್ಟೆಲ್ ದಾಖಲೆಗಳನ್ನು ಕಾಲೇಜಿನ ಅಧಿಕಾರಿಯಿಂದ ಇ-ದೃಢೀಕರಣ ಮಾಡಿಸಿಕೊಳ್ಳಬೇಕು. ಇಷ್ಟೆಲ್ಲ ಆದಮೇಲೂ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಬೇಕು. ಅದು ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಆಡಳಿತಕ್ಕೆಂದು ಇರುವ ಯುಯುಸಿಎಂಎಸ್ ಎಂಬ ತಂತ್ರಾಂಶದಲ್ಲಿ ಪ್ರವೇಶಾತಿ ಅನುಮೋದನೆಯಾದ ಮೇಲೆ ಬರುತ್ತದೆ. ಅನುಮೋದನೆ ತಡವಾದರೆ ವಿದ್ಯಾರ್ಥಿಯ ಕಡೆಯಿಂದ ಎಲ್ಲವೂ ಸರಿಯಿದ್ದರೂ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಅರ್ಜಿಯ ಕೊನೆಯ ದಿನಾಂಕಗಳು ಮತ್ತೆ ಮತ್ತೆ ಮುಂದೂಡಲ್ಪಡುವುದಕ್ಕೆ ವಿದ್ಯಾರ್ಥಿಗಳ ಸೋಮಾರಿತನವೇ ಕಾರಣ ಎಂದು ಭಾವಿಸಿರುವ ಓದುಗರು ಈ ಸರಪಳಿಯನ್ನು ದಯವಿಟ್ಟು ಗಮನಿಸಬೇಕು.

ಅರ್ಜಿ ಮಂಜೂರಾದ ಮೇಲೆ ಇನ್ನೊಂದು ಗಂಡಾಂತರವಿದೆ. ಹಣ ಹೋಗುವುದು ವಿದ್ಯಾರ್ಥಿ ಪಾಸ್‌ಬುಕ್ ತೋರಿಸಿದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ’ ಎನ್ನುತ್ತಾರೆ. ಆದರೆ ಖಾತೆಗೆ ಆಧಾರ್ ಸಂಖ್ಯೆ ಬರೆದಿಟ್ಟುಕೊಳ್ಳುವುದು ಬೇರೆ, ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಆ ಖಾತೆಯನ್ನು ಸೀಡಿಂಗ್ ಮಾಡಿಸುವುದು, ಅಂದರೆ ಸರ್ಕಾರದ ಹಣ ಬರಬೇಕಾದ ಖಾತೆ ಇದೇ ಎಂದು ದಾಖಲಿಸುವುದು ಬೇರೆ. ಮೊಬೈಲ್ ಅಂಗಡಿಯಲ್ಲಿ ಸಿಮ್ ಕೊಳ್ಳುವಾಗ ಹೆಬ್ಬೆರಳು ಒತ್ತಿಸಿಕೊಂಡು ತೆರೆದ, ವಿದ್ಯಾರ್ಥಿಗೆ ಇದೆ ಎಂದೇ ಗೊತ್ತಿಲ್ಲದ ಪೇಮೆಂಟ್ ಬ್ಯಾಂಕ್ ಖಾತೆಗೆ ಸ್ಕಾಲರ್‌ಶಿಪ್ ಹಣ ಹೋಗಿ ಕುಳಿತದ್ದನ್ನು ನಾನು ಕಂಡಿದ್ದೇನೆ. ಪೋರ್ಟಲ್‌ನಲ್ಲಿ ‘ಪಾವತಿಯಾಗಿದೆ’ ಎಂದಿರುತ್ತದೆ, ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ. ಹುಡುಗಿ ಅಳುಮೋರೆ ಮಾಡಿಕೊಂಡು ಬರುತ್ತಾಳೆ, ಮನೆಯಲ್ಲಿ ಅವಳೇ ಹಣ ಖರ್ಚು ಮಾಡಿ ಸುಳ್ಳು ಹೇಳುತ್ತಿದ್ದಾಳೆ ಎಂಬ ಗುಮಾನಿ. ಇಂಥ ಪ್ರಕರಣದಲ್ಲಿ ಆಗಬೇಕಾದ ಕೆಲಸ ತುಂಬ ಸಣ್ಣದು: ಪಾವತಿಯಾದ ಬ್ಯಾಂಕಿನ ಹೆಸರು ಮತ್ತು ಖಾತೆಯ ಕೊನೆಯ ಅಂಕಿಗಳನ್ನು ಕನ್ನಡದಲ್ಲಿ ಒಂದು ಎಸ್‌ಎಂಎಸ್ ಮಾಡಿ ತಿಳಿಸಿದರೆ ಸಾಕು. ಪಾವತಿ ವಿಫಲವಾದರೆ ಏಕೆ ವಿಫಲವಾಯಿತು ಎಂಬುದನ್ನೂ ಹಾಗೆಯೇ ತಿಳಿಸಬಹುದು. ಇಂಗ್ಲಿಷಿನ ಮೂರು ಪದಗಳ ತಾಂತ್ರಿಕ ಟಿಪ್ಪಣಿಯನ್ನು ಸೈಬರ್ ಸೆಂಟರಿನವನಿಗೆ ತೋರಿಸಿ, ಅವನಿಗೂ ತಿಳಿಯದೆ, ಪ್ರಿಂಟ್ ತೆಗೆಸಿಕೊಂಡು ಕಾಲೇಜಿಗೆ ಬರುವ ಸ್ಥಿತಿ ಏಕಿರಬೇಕು?

ಸರ್ಕಾರಕ್ಕೆ ಇದೆಲ್ಲ ಸಾಧ್ಯವಿಲ್ಲ ಎಂದು ಹೇಳುವಂತಿಲ್ಲ. 2021ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಪ್ರಕಟಿಸಿದ ರೈತ ವಿದ್ಯಾನಿಧಿ ಯೋಜನೆಯನ್ನೇ ನೋಡಬಹುದು. ಪದವಿ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500, ಎಂಬಿಬಿಎಸ್, ಬಿ.ಇ. ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ 10,000 ಮತ್ತು 11,000 ರೂಪಾಯಿ ಎಂದು ಅದರಲ್ಲಿ ನಿಗದಿಯಾಯಿತು. ಆರಂಭದಲ್ಲಿ ಕೃಷಿ ಇಲಾಖೆಯ ‘ಫ್ರೂಟ್ಸ್’ ದತ್ತಾಂಶದಲ್ಲಿರುವ ರೈತರ ವಿವರವನ್ನೂ ವಿದ್ಯಾರ್ಥಿಗಳ ವಿವರವನ್ನೂ ತಾಳೆ ಹಾಕಿ ನೇರವಾಗಿ ಖಾತೆಗೆ ಹಣ ಹಾಕಿದ್ದರಿಂದ ಎಷ್ಟೋ ಮಕ್ಕಳಿಗೆ ಬ್ಯಾಂಕಿನ ಸಂದೇಶ ಬಂದ ಮೇಲೆಯೇ ಇಂಥದೊಂದು ಯೋಜನೆ ಇದೆ ಎಂದು ತಿಳಿಯಿತು. ಮೊತ್ತ ದೊಡ್ಡದಲ್ಲದಿರಬಹುದು, ಭೂಮಿಯ ದಾಖಲೆ ಇಲ್ಲದ ಕೂಲಿಕಾರರ ಮಕ್ಕಳು ಮೊದಲ ಹಂತದಲ್ಲಿ ಹೊರಗುಳಿದರು ಎಂಬ ಟೀಕೆಯೂ ನ್ಯಾಯವಾದದ್ದೇ. ಆದರೂ ಅರ್ಜಿಯ ಕಾಟವಿಲ್ಲದೆ ಹಣ ತಲುಪಿಸುವುದು ಸಾಧ್ಯ ಎಂಬುದನ್ನು ಸರ್ಕಾರವೇ ಮಾಡಿ ತೋರಿಸಿದೆ. ಹಾಗಿದ್ದಮೇಲೆ, ಮೊದಲ ವರ್ಷದಲ್ಲಿ ಜಾತಿ, ಆದಾಯ, ಖಾತೆ ಎಲ್ಲವೂ ಪರಿಶೀಲನೆಯಾಗಿ ಹಣ ಪಡೆದ ವಿದ್ಯಾರ್ಥಿ ಎರಡನೆಯ ವರ್ಷಕ್ಕೆ ತೇರ್ಗಡೆಯಾದಾಗ ಮತ್ತೆ ಅದೇ ದಾಖಲೆಗಳನ್ನು ಏಕೆ ಕೊಡಬೇಕು? ಆದಾಯ ಪ್ರಮಾಣಪತ್ರಕ್ಕೇ ಐದು ವರ್ಷದ ಸಿಂಧುತ್ವವಿದೆ. ನವೀಕರಣದ ಅರ್ಜಿಗಳಿಗೆ ವಿಶ್ವವಿದ್ಯಾಲಯದಿಂದ ಫಲಿತಾಂಶ ಪಡೆದುಕೊಂಡು, ಸೆಮಿಸ್ಟರ್ ಆರಂಭದಲ್ಲೇ ಅರ್ಧ ಹಣವನ್ನೂ ಹಾಜರಾತಿ ನೋಡಿಕೊಂಡು ಎರಡನೆಯ ಸೆಮಿಸ್ಟರ್‌ನಲ್ಲಿ ಉಳಿದದ್ದನ್ನೂ ಕೊಡುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.

ಹೊಸದಾಗಿ ಸೇರುವವರ ವಿಷಯದಲ್ಲೂ ದಾರಿ ಇದೆ. 2021ರ ಕೇಂದ್ರದ ಮಾರ್ಗಸೂಚಿಯಲ್ಲೇ ‘ಫ್ರೀಶಿಪ್ ಕಾರ್ಡ್’ ಎಂಬ ಅವಕಾಶವಿದೆ. ಅರ್ಹ ಪರಿಶಿಷ್ಟ ಜಾತಿಯ ವಿದ್ಯಾರ್ಥಿ ಆ ಕಾರ್ಡನ್ನು ತೋರಿಸಿ ಶುಲ್ಕ ಕಟ್ಟದೆಯೇ ಪ್ರವೇಶ ಪಡೆಯಬಹುದು, ಹಣ ಖಾತೆಗೆ ಬಂದಮೇಲೆ ಸಂಸ್ಥೆಗೆ ಪಾವತಿಸಬಹುದು. ಇದು ಪ್ರವೇಶದ ಕಿಟಕಿಯಲ್ಲಿ ಕುಳಿತ ಗುಮಾಸ್ತನಿಗೂ ವಿದ್ಯಾರ್ಥಿಗೂ ತಿಳಿದಿರಬೇಕು. ಎಷ್ಟು ಖಾಸಗಿ ಕಾಲೇಜುಗಳ ಸೂಚನಾ ಫಲಕದಲ್ಲಿ ಇದರ ಉಲ್ಲೇಖವಿದೆ ಎಂಬುದನ್ನು ನಿಮ್ಮ ಜಿಲ್ಲಾ ವರದಿಗಾರರು ಒಮ್ಮೆ ಹೋಗಿ ನೋಡಿದರೆ ಚೆನ್ನ. ಸ್ಕಾಲರ್‌ಶಿಪ್ ಬಂದಿಲ್ಲ ಎಂಬ ಕಾರಣಕ್ಕೆ ಶುಲ್ಕ ಬಾಕಿ ಉಳಿಸಿಕೊಂಡ ವಿದ್ಯಾರ್ಥಿಯ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರಗಳನ್ನು ಕಾಲೇಜಿನಲ್ಲೇ ಇಟ್ಟುಕೊಳ್ಳುವ ಕ್ರಮ ಇನ್ನೂ ಅಳಿದಿಲ್ಲ. ಮೂಲ ಪ್ರಮಾಣಪತ್ರಗಳನ್ನು ಹೀಗೆ ತಡೆಹಿಡಿಯಬಾರದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಸರ್ಕಾರದ ತಡಕ್ಕೆ ವಿದ್ಯಾರ್ಥಿಯ ಅಂಕಪಟ್ಟಿ ಒತ್ತೆಯಾಗುವುದು ಯಾವ ದೃಷ್ಟಿಯಿಂದಲೂ ಸರಿಯಲ್ಲ.

ಇನ್ನು ತಿಳಿಯದೆ ಕೈತಪ್ಪುವ ವಿದ್ಯಾರ್ಥಿವೇತನಗಳ ಬಗ್ಗೆ ಒಂದೆರಡು ಮಾತು. ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದರೆ ಎಲ್ಲವೂ ಮುಗಿಯಿತು ಎಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಗಟ್ಟಿಯಾಗಿದೆ. ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಬೇರೆಯೇ ಇದ್ದು, ಅಲ್ಲಿ ಒಂದು ಬಾರಿಯ ನೋಂದಣಿ ಮಾಡಿಕೊಳ್ಳಬೇಕು. ದ್ವಿತೀಯ ಪಿಯುಸಿಯಲ್ಲಿ ಹೆಚ್ಚು ಅಂಕ ಪಡೆದ, ಕುಟುಂಬದ ಆದಾಯ ನಾಲ್ಕೂವರೆ ಲಕ್ಷ ರೂಪಾಯಿಯೊಳಗಿನ ಯಾವುದೇ ಜಾತಿಯ ವಿದ್ಯಾರ್ಥಿಗೆ ಅಲ್ಲೊಂದು ಕೇಂದ್ರ ವಲಯದ ವಿದ್ಯಾರ್ಥಿವೇತನವಿದೆ. ದೇಶದಲ್ಲಿ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿಗಳಿಗೆ, ಅದರಲ್ಲಿ ಅರ್ಧ ಹುಡುಗಿಯರಿಗೆ. ಪದವಿಯ ಮೂರು ವರ್ಷ 12,000 ರೂಪಾಯಿಯಂತೆ, ಸ್ನಾತಕೋತ್ತರದಲ್ಲಿ 20,000 ರೂಪಾಯಿಯಂತೆ ಕೊಡುತ್ತಾರೆ. ರಾಜ್ಯದ ಪಾಲನ್ನು ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರ ಪ್ರಮಾಣದಲ್ಲಿ ಹಂಚುತ್ತಾರೆ ಎಂಬುದು ಕಲಾ ವಿಭಾಗದವರ ದುರದೃಷ್ಟ. ಇದಕ್ಕಿಂತ ದೊಡ್ಡದು ಯುಜಿಸಿ 2023ರಲ್ಲಿ ತನ್ನ ಹಳೆಯ ಸ್ನಾತಕೋತ್ತರ ವಿದ್ಯಾರ್ಥಿವೇತನಗಳನ್ನು ಕೂಡಿಸಿ ಮಾಡಿದ ಯೋಜನೆ: ಸ್ನಾತಕೋತ್ತರ ಮೊದಲ ವರ್ಷದಲ್ಲಿರುವ 10,000 ಮಂದಿಗೆ ಪದವಿಯ ಅಂಕಗಳ ಆಧಾರದ ಮೇಲೆ ತಿಂಗಳಿಗೆ 15,000 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ತಿಂಗಳಿಗೆ ಹದಿನೈದು ಸಾವಿರ ಎಂದರೆ ಎಂ.ಎ. ವಿದ್ಯಾರ್ಥಿ ಸಂಜೆ ಹೊತ್ತು ಅಂಗಡಿಯಲ್ಲಿ ಲೆಕ್ಕ ಬರೆಯುವುದನ್ನು ಬಿಟ್ಟು ಗ್ರಂಥಾಲಯದಲ್ಲಿ ಕೂರಬಹುದಾದ ಮೊತ್ತ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಇವನ್ನೆಲ್ಲ ತಿಳಿಸಬೇಕಾದ ಕಾಲೇಜಿನ ಸ್ಕಾಲರ್‌ಶಿಪ್ ಕೆಲಸ ಸಾಮಾನ್ಯವಾಗಿ ಬೀಳುವುದು ವರ್ಷದ ನಡುವೆ ಬಂದು ವರ್ಷದ ಕೊನೆಗೆ ಹೋಗುವ ಅತಿಥಿ ಉಪನ್ಯಾಸಕರ ಮೇಲೋ, ನಾಲ್ಕು ಜನರ ಕೆಲಸವನ್ನು ಒಬ್ಬನೇ ಮಾಡುವ ಎರಡನೆಯ ದರ್ಜೆ ಸಹಾಯಕನ ಮೇಲೋ. ಅವರನ್ನು ದೂರಿ ಫಲವಿಲ್ಲ.

ಸ್ನಾತಕೋತ್ತರ ದಾಟಿ ಸಂಶೋಧನೆಗೆ ಬಂದರೆ ಅಸಮಾನತೆ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಪಡೆದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 70,000 ರೂಪಾಯಿ. ಎನ್‌ಇಟಿ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಸಿಗುವ ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) 2023ರ ಜನವರಿಯಿಂದ 37,000, ಅದರ ಮುಂದಿನ ಹಂತದ ಹಿರಿಯ ಸಂಶೋಧನಾ ಫೆಲೋಶಿಪ್ (ಎಸ್‌ಆರ್‌ಎಫ್) 42,000, ಮೇಲೆ ಮನೆ ಬಾಡಿಗೆ ಭತ್ಯೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಎನ್‌ಇಟಿ ಇಲ್ಲದೆ ಪಿಎಚ್‌.ಡಿ. ಮಾಡುವವರಿಗೆ 8,000, ಅದನ್ನೂ ನಿಲ್ಲಿಸಲು 2015ರಲ್ಲಿ ಯುಜಿಸಿ ಹೊರಟಾಗ ವಿದ್ಯಾರ್ಥಿಗಳು ದೆಹಲಿಯ ಕಚೇರಿಯ ಮುಂದೆ ಧರಣಿ ಕೂರಬೇಕಾಯಿತು. ಕಲಬುರಗಿಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿ ಈ ಎಂಟು ಸಾವಿರದ ವ್ಯಾಪ್ತಿಗೆ ಬರುತ್ತಾನೆ. ಅದೇ ಜಿಲ್ಲೆಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ, ಧಾರವಾಡದಲ್ಲಿ, ಮೈಸೂರಿನಲ್ಲಿ, ಹಂಪಿಯಲ್ಲಿ ಓದುವವನು ಬರುವುದಿಲ್ಲ. ಪರಿಶಿಷ್ಟರು, ಹಿಂದುಳಿದವರಿಗೆ ರಾಷ್ಟ್ರೀಯ ಫೆಲೋಶಿಪ್‌ಗಳಿವೆ, ಆದರೆ ಇಡೀ ದೇಶಕ್ಕೆ ಪರಿಶಿಷ್ಟ ಜಾತಿಯವರಿಗೆ ವರ್ಷಕ್ಕೆ 2,000, ಹಿಂದುಳಿದ ವರ್ಗದವರಿಗೆ 1,000. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಬೇರೆ ಯೋಜನೆಗಳಲ್ಲೂ ಇದೇ ನೆರವು ಸಿಗುತ್ತದೆ ಎಂಬ ಕಾರಣ ಕೊಟ್ಟು 2022-23ರಿಂದ ನಿಲ್ಲಿಸಲಾಯಿತು. ಪರಿಶಿಷ್ಟ ಜಾತಿ ಮೊದಲಾದವರು ವಿದೇಶದಲ್ಲಿ ಓದಲು ಇರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ವರ್ಷಕ್ಕೆ 125 ಮಂದಿಗೆ ಮಾತ್ರ. 2022ರಲ್ಲಿ ಅದರ ನಿಯಮ ತಿದ್ದಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಅಧ್ಯಯನಗಳನ್ನು ಹೊರಗಿಟ್ಟರು. 2025ರಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲಿಗೆ 40 ಮಂದಿಗಷ್ಟೇ ತಾತ್ಕಾಲಿಕ ಪತ್ರ ಕೊಟ್ಟು, ಉಳಿದವರಿಗೆ ಹಣದ ಲಭ್ಯತೆ ನೋಡಿ ಕೊಡಬಹುದು ಎಂದದ್ದು ಸುದ್ದಿಯಾಯಿತು. ಲಂಡನ್ನಿನ ವಿಶ್ವವಿದ್ಯಾಲಯ ಸೀಟು ಕಾದಿರಿಸುವುದು ಸೆಪ್ಟೆಂಬರ್‌ವರೆಗೆ ಮಾತ್ರ ಎಂಬುದು ಕಡತ ಹಿಡಿದವರಿಗೆ ನೆನಪಿರಲಿಲ್ಲವೇನೋ.

ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೊಂದು ತೊಡಕಿದೆ. ಯುಜಿಸಿ ಎನ್‌ಇಟಿಯಲ್ಲಿ ಕನ್ನಡ ಒಂದು ವಿಷಯವಾಗಿದ್ದರೂ ಮೊದಲ ಪತ್ರಿಕೆಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಪಂಪನನ್ನೂ ವಚನಗಳನ್ನೂ ಆಳವಾಗಿ ಓದಿಕೊಂಡ ಅಭ್ಯರ್ಥಿ ತಾರ್ಕಿಕ ಸಾಮರ್ಥ್ಯ, ದತ್ತಾಂಶ ವಿಶ್ಲೇಷಣೆಯ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಓದಿ ಉತ್ತರಿಸಬೇಕು. ಜೆಆರ್‌ಎಫ್‌ನ ಗೆರೆ ಅಲ್ಲಿ ತಪ್ಪಿಹೋಗುತ್ತದೆ. ಹಿಂದಿ ಮಾತೃಭಾಷೆಯ ಅಭ್ಯರ್ಥಿಗೆ ಈ ಭಾರವಿಲ್ಲ. ನಮ್ಮದೇ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ನಲ್ಲಿ ಮೊದಲ ಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಹಿಂದೆ ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿದ್ದ ಅದನ್ನು 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಆದರೆ ಕೆ-ಸೆಟ್ ಪಾಸಾದವರಿಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಸಿಗುತ್ತದೆಯೇ ಹೊರತು ಫೆಲೋಶಿಪ್ ಇಲ್ಲ. ಹುದ್ದೆಯ ನೇಮಕಾತಿ ಎಂದು ಆಗುತ್ತದೋ ಯಾರಿಗೂ ತಿಳಿಯದು. ಅಷ್ಟರವರೆಗೆ ಆತ ಅತಿಥಿ ಉಪನ್ಯಾಸಕನಾಗಿ ಮೂರು ಕಾಲೇಜಿಗೆ ಓಡಾಡುತ್ತಾ, ಪಿಎಚ್‌.ಡಿ. ಮಾಡುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಾ ಇರಬೇಕು.

ಆದ್ದರಿಂದ ಉನ್ನತ ಶಿಕ್ಷಣ ಇಲಾಖೆಯ ಮುಂದೆ ನನ್ನ ಕೋರಿಕೆ ಇಷ್ಟು. ಮುಂದಿನ ಬಜೆಟ್ಟಿನಲ್ಲಿ ಮತ್ತೊಂದು ಹೊಸ ಹೆಸರಿನ ವಿದ್ಯಾರ್ಥಿವೇತನ ಬೇಡ. ಈಗಿರುವ ಪ್ರತಿ ಯೋಜನೆಗೂ ಪಾವತಿಯ ದಿನಾಂಕವನ್ನು ಆದೇಶದಲ್ಲೇ ಬರೆಯಲಿ. ಯಾವ ಇಲಾಖೆ ಯಾವ ಸಾಲಿನ ಎಷ್ಟು ಅರ್ಜಿಗಳಿಗೆ ಹಣ ಕೊಟ್ಟಿದೆ, ಎಷ್ಟು ಬಾಕಿ ಇದೆ ಎಂಬುದನ್ನು ಪ್ರತಿ ತಿಂಗಳೂ ಜಿಲ್ಲಾವಾರು ಪ್ರಕಟಿಸಲಿ. ಹೊಸದಾಗಿ ನಾನು ಕೇಳುವುದು ಒಂದನ್ನು ಮಾತ್ರ: ಪ್ರತಿ ವರ್ಷ ಕೆ-ಸೆಟ್ ತೇರ್ಗಡೆಯಾದವರಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪೂರ್ಣಾವಧಿ ಪಿಎಚ್‌.ಡಿ.ಗೆ ಸೇರುವ, ಬೇರೆ ಯಾವ ಫೆಲೋಶಿಪ್ಪೂ ಇಲ್ಲದವರಿಗೆ ರಾಜ್ಯವೇ ತಿಂಗಳ ಫೆಲೋಶಿಪ್ ಆರಂಭಿಸಬೇಕು. ಅದು ಜೆಆರ್‌ಎಫ್‌ನ ಅರ್ಧದಷ್ಟಾದರೂ ಇರಲಿ. ಇದಕ್ಕೆ ಹೊಸ ಪರೀಕ್ಷೆ ಬೇಕಿಲ್ಲ, ಹೊಸ ಪೋರ್ಟಲ್ ಬೇಕಿಲ್ಲ. ವಿಷಯವಾರು, ಪ್ರವರ್ಗವಾರು ತೇರ್ಗಡೆಯಾದವರ ಪಟ್ಟಿ ಪರೀಕ್ಷಾ ಪ್ರಾಧಿಕಾರದ ಬಳಿ ಈಗಾಗಲೇ ಇದೆ, ಪಿಎಚ್‌.ಡಿ. ನೋಂದಣಿಯ ಪಟ್ಟಿ ವಿಶ್ವವಿದ್ಯಾಲಯಗಳ ಬಳಿ ಇದೆ. ಎರಡನ್ನೂ ಮುಂದಿಟ್ಟುಕೊಂಡು ಆರ್ಥಿಕ ಇಲಾಖೆಯ ಒಪ್ಪಿಗೆ ಪಡೆಯುವುದಷ್ಟೇ ಉಳಿದಿರುವ ಕೆಲಸ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಚೇರಿ ಅಧೀಕ್ಷಕ, ಗದಗ